ತಪ್ಪಿಸಿದ ಗೋಲಿಗೆ ಹಂಚಿದ ಸಕ್ಕರೆ

ಬಿಸಿಲಿಗೆ ಕಾದ ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ. ಸೀಮೆಎಣ್ಣೆಯದೂ ಅಲ್ಲ, ಹೊಸ ಚಪ್ಪಲಿಯದೂ ಅಲ್ಲ, ಎರಡರ ನಡುವಿನದು. ಇವತ್ತು ಬೆಳಿಗ್ಗೆ ಸಂತೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತಿ ನೋಡಿದೆ. ನೋಡಿದವಳೇ ಎದುರಿನ ಅಂಗಡಿಗೆ ಹೋಗಿ ಸಕ್ಕರೆ ಕಟ್ಟಿಸಿಕೊಂಡು ಬಂದು, ಚನ್ನಗಿರಿ ಬಸ್ಸಿಗೆ ಕಾಯುತ್ತಿದ್ದವರ ಕೈಗೆಲ್ಲ ಹಾಕುತ್ತಾ ಹೋದೆ.

ಕಂಡಕ್ಟರ್ ಸಕ್ಕರೆ ಬಾಯಿಗೆ ಹಾಕಿಕೊಂಡು ಕೇಳಿದ. "ಏನಜ್ಜಿ, ಮೊಮ್ಮಗಳು ನಿನ್ನೆ ಗೋಲು ಹೊಡದ್ಲಾ?"

"ಇಲ್ಲಪ್ಪ, ತಪ್ಪಿಸಿದ್ಲು. ಪೆನಾಲ್ಟಿ, ಹೊರಗೆ ಹೋತು."

"ತಪ್ಪಿಸಿದ್ದಕ್ಕೆ ಸಕ್ಕರೆನಾ?"

"ಹೂಂ, ತಿನ್ನು. ಮತ್ತೆ ಮತ್ತೆ ಕೇಳಬ್ಯಾಡ, ಸಿಟ್ಟು ಬರ್ತೈತೆ."

ನನಗೆ ಸಂತೋಷ ಹೆಚ್ಚಾದರೂ ಮೊದಲು ಬರುವುದು ಸಿಟ್ಟೇ. ಹಾಲು ಉಕ್ಕಿದರೆ ಕೆಳಗಿನ ಒಲೆಯನ್ನೇ ಆರಿಸುತ್ತದಲ್ಲ, ಹಾಗೆ ನೀನು ಎನ್ನುತ್ತಾರೆ ನಮ್ಮ ಯಜಮಾನರು ಬುಡೇನ್ ಸಾಬರು. ಇರಲಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯಲು ಕೂತರೆ ಬೆರಳು ನೋಯುತ್ತವೆ. ಆದರೂ ಹೋದ ವರ್ಷದ ಮೆಕ್ಕೆಜೋಳದ ಸುಗ್ಗಿಯನ್ನು ಬರೆದು ಇಳಿಸದಿದ್ದರೆ ಹೊಟ್ಟೆಯೊಳಗೇ ಕುದಿಯುತ್ತಿರುತ್ತದೆ.

ಮುಬೀನಾ ನನ್ನ ಮಗನ ಮಗಳು. ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕೆಲಸ. ಆ ಹುಡುಗಿ ನಡೆಯಲು ಕಲಿತದ್ದೇ ಅಂಗಡಿಯ ಹತ್ತಿ ಗುಡ್ಡೆಯ ಮೇಲೆ, ಬಿದ್ದರೂ ನೋವಾಗದ ಜಾಗದಲ್ಲಿ. ಅದಕ್ಕೇ ಇರಬೇಕು, ಬೀಳುವ ಹೆದರಿಕೆ ಅವಳಿಗೆ ಗೊತ್ತೇ ಇರಲಿಲ್ಲ. ಹತ್ತಿ ಉಂಡೆ, ನಿಂಬೆಹಣ್ಣು, ಖಾಲಿ ಡಬ್ಬಿ, ಕಾಲಿಗೆ ಸಿಕ್ಕಿದ್ದನ್ನೆಲ್ಲ ಒದೆಯುತ್ತಿದ್ದಳು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅದನ್ನು ನೋಡಿ ಫುಟ್ಬಾಲ್ ಕೊಟ್ಟರು, ದಾವಣಗೆರೆಯ ಕ್ರೀಡಾ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿಂದ ಬೆಂಗಳೂರು, ಅಲ್ಲಿಂದ ಕೊಲ್ಕತ್ತಾದ ಒಂದು ದೊಡ್ಡ ಕ್ಲಬ್ಬಿನ ಹೆಣ್ಣುಮಕ್ಕಳ ತಂಡ. ಅಲ್ಲಿ ಅವಳ ಕೆಲಸ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವುದು.

ಕ್ಲಬ್ಬಿನವರು ಕರೆದರು ಎನ್ನುವ ಸುದ್ದಿ ಬಂದ ವಾರವೇ ಊರಿನವರು ಸನ್ಮಾನ ಇಟ್ಟುಕೊಂಡರು. ನಮ್ಮ ಕಡೆ ಇದೊಂದು ಚಟ. ಕೆಲಸ ಮಾಡಿ ಬಂದವರಿಗೆ ಶಾಲು ಹೊದಿಸುವುದು ಉಳಿದ ಊರುಗಳ ಪದ್ಧತಿ ಇರಬಹುದು, ನಮ್ಮವರು ಹೊರಟವರಿಗೇ ಹೊದಿಸಿಬಿಡುತ್ತಾರೆ. ಮೆಕ್ಕೆಜೋಳದ ವ್ಯಾಪಾರ ಮಾಡುವ ರುದ್ರಪ್ಪ ಮುಂದೆ ನಿಂತು ಶಾಲು, ಹಾರ, ಪೇಟ ಎಲ್ಲ ತರಿಸಿದ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮನೆಯ ಗೋಡೆಯಷ್ಟು ದೊಡ್ಡ ಫ್ಲೆಕ್ಸು ಕಟ್ಟಿಸಿದ. 'ಗೋಲುಗಳ ರಾಣಿ' ಎಂದು ಬರೆಸಿದ್ದ. ರಾಣಿ ಆ ಕ್ಲಬ್ಬಿಗೆ ಇನ್ನೂ ಒಂದು ಗೋಲೂ ಹೊಡೆದಿರಲಿಲ್ಲ, ಚೀಲಕ್ಕೆ ಬಟ್ಟೆ ಸಹ ತುಂಬಿರಲಿಲ್ಲ. ಅವಳ ಸುತ್ತ ಊರ ಗಂಡಸರ ಮುಖಗಳು, ಎಲ್ಲರೂ ಕೈ ಮುಗಿದುಕೊಂಡು. ರುದ್ರಪ್ಪನ ಮುಖವಂತೂ ಅವಳ ಮುಖಕ್ಕಿಂತ ಒಂದು ಗೇಣು ಕಡಿಮೆ, ಅಷ್ಟೇ.

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ ಹುಡುಗಿ, "ಅಜ್ಜೀ, ಅದನ್ನ ಇಳಿಸಾಕೆ ಹೇಳು. ನಂಗೆ ಹೆದ್ರಿಕೆ ಆಗ್ತೈತೆ" ಎಂದಳು.

"ಊರು ಮೆಚ್ಚಿಕೊಂಡಾಗ ಹಂಗೆ ಅನ್ನಬಾರ್ದು" ಎಂದು ಅವಳಜ್ಜ ಗದರಿದರು. ಬಸ್ಸು ಹೊರಟಿತು.

ಅಲ್ಲಿನ ಕೋಚು ದೊಡ್ಡ ಹೆಸರಿನ ಮನುಷ್ಯನಂತೆ. ಆ ಹೆಸರನ್ನು ನಾನು ಬರೆಯುವುದಿಲ್ಲ, ಬರೆದರೆ ಪೆನ್ನಿನ ಮುಳ್ಳು ಮುರಿಯುತ್ತದೆ. ಮೊದಲ ಆಟದ ದಿನ ಸೊಸೆ ಶಾಹೀನಾ ಮೊಬೈಲನ್ನು ನೀರಿನ ಕೊಡಕ್ಕೆ ಒರಗಿಸಿ ಇಟ್ಟಳು, ಎಲ್ಲರೂ ಅದರ ಮುಂದೆ ಕೂತೆವು. ಮುಬೀನಾ ಹೊಡೆದ ಒಂದು ಬಾಲು ಕಂಬಕ್ಕೆ ಬಡಿಯಿತು. ಇನ್ನೊಂದು ಕಂಬದ ಮೇಲಿಂದ ಹೋಯಿತು. ಅಷ್ಟರಲ್ಲಿ ಗೆರೆಯ ಹೊರಗೆ ಒಬ್ಬ ನಂಬರಿನ ಬೋರ್ಡು ಎತ್ತಿ ಹಿಡಿದ. ಅವಳದೇ ನಂಬರು. ಅರ್ಧ ಆಟವೂ ಆಗಿರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು, ಬೇರೆಯವಳು ಒಳಗೆ ಓಡಿದಳು. ಮುಂದಿನ ಆಟದಲ್ಲೂ ಅದೇ. ಅದರ ಮುಂದಿನದರಲ್ಲಿ ಇನ್ನೂ ಬೇಗ.

ಆಮೇಲಿನ ಆಟಗಳಲ್ಲಿ ನಾನೊಂದು ಸಂಗತಿ ಕಂಡೆ. ಬಾಲು ಕಾಲಿಗೆ ಬಂದ ಕೂಡಲೇ ಹುಡುಗಿ ಗೋಲಿನ ಕಡೆ ನೋಡುತ್ತಿರಲಿಲ್ಲ, ಗೆರೆಯಾಚೆ ಕೈಕಟ್ಟಿ ನಿಂತ ಆ ಕೋಚಿನ ಮುಖ ನೋಡುತ್ತಿದ್ದಳು. ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟು ಸಾಕು, ಎದುರಾಳಿ ಬಾಲು ಕಸಿದುಕೊಂಡು ಹೋಗಿರುತ್ತಿದ್ದಳು.

ನನಗೆ ಆಟ ಗೊತ್ತಿಲ್ಲ. ಆ ನೋಟ ಗೊತ್ತು. ನಾನು ನ್ಯಾಮತಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ, ನಾನು ರೊಟ್ಟಿ ತಟ್ಟುವ ಹೊತ್ತಿಗೆ ಸರಿಯಾಗಿ ನಮ್ಮತ್ತೆ ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ತವರಿನಲ್ಲಿ ಬಟ್ಟೆಯಂಥ ರೊಟ್ಟಿ ತಟ್ಟುತ್ತಿದ್ದ ಕೈ ಇದು. ಇಲ್ಲಿ ಹಂಚಿಗೆ ಹಾಕುವ ಮೊದಲೇ ಹರಿಯುತ್ತಿತ್ತು. ಹರಿದ ತಕ್ಷಣ "ಸರಿ ಅತ್ಲಾಗೆ" ಎಂದು ನನ್ನನ್ನು ಎಬ್ಬಿಸಿ ತಾನೇ ಕೂರುವಳು. ನಾಳೆ ಮತ್ತೆ ನಾನು ಹಿಟ್ಟು ನೋಡುವ ಬದಲು ಅವಳ ಮುಖ ನೋಡಿಕೊಂಡು ತಟ್ಟುವುದು, ಮತ್ತೆ ಹರಿಯುವುದು. ಹಿಟ್ಟೂ ಅದೇ, ಕೈಯೂ ಅದೇ. ಆದರೆ ನನ್ನತ್ತೆ ಸಂಬಳ ತೆಗೆದುಕೊಂಡು ನನ್ನನ್ನು ನೋಡುತ್ತಿರಲಿಲ್ಲ. ಇವನು ತೆಗೆದುಕೊಳ್ಳುತ್ತಾನೆ!

ಹಿಂದೆ ನಿಂತು ತಡೆಯುವವರು ತಪ್ಪು ಮಾಡಿದರೆ ಸರಿಪಡಿಸಲು ಇನ್ನೊಬ್ಬರು ಇರುತ್ತಾರೆ. ಮುಂದೆ ನಿಂತವಳ ತಪ್ಪು ಎಲ್ಲರ ಕಣ್ಣೆದುರು ಆಗುತ್ತದೆ, ತಲೆಯ ಮೇಲೆ ಕೈ ಹೊತ್ತುಕೊಂಡು ಜನ ಅದನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಾರೆ. ಅಂಥವಳಿಗೆ ತಪ್ಪಿಸಲು ಒಂದಿಷ್ಟು ಜಾಗ ಕೊಡಬೇಡವೇ? ಬಸ್ಸು ದೊಡ್ಡದು, ಮೈದಾನ ದೊಡ್ಡದು, ಊಟದ ಟೇಬಲ್ಲು ಮೈಲುದ್ದ, ನಂಬಿಕೆ ಮಾತ್ರ ಉಪ್ಪಿನ ಚಮಚದಲ್ಲಿ ಅಳೆದು ಹಾಕುತ್ತಾರೆ. ಇದೆಂಥ ದೊಡ್ಡ ಕ್ಲಬ್ಬು?

ಕೊನೆಗೆ ಅವಳನ್ನು ಬೆಂಚಿನಲ್ಲೂ ಕೂರಿಸಲಿಲ್ಲ. ಸೀಸನ್ನಿನ ನಡುವೆ ಆಟಗಳಿಗೆ ಬಿಡುವು ಬಂದಾಗ, ಮನೆಗೆ ಹೋಗಿ ತಲೆ ಸರಿ ಮಾಡಿಕೊಂಡು ಬಾ, ಬರುವ ಮನಸ್ಸಿದ್ದರೆ, ಎಂದು ಆ ಕೋಚು ಕಳಿಸಿದ. ಅವಳು ಬಂದಾಗ ಊರೆಲ್ಲ ಮೆಕ್ಕೆಜೋಳ. ರಸ್ತೆಯ ಅರ್ಧಕ್ಕೆ ಕಾಳು ಹರಡಿ ಒಣಗಿಸುತ್ತಿದ್ದರು, ಗಾಳಿಯ ತುಂಬ ಕೆಂಪು ಹೊಟ್ಟು, ಯಾರ ಕುತ್ತಿಗೆ ನೋಡಿದರೂ ತುರಿಕೆ.

ಬಸ್ಸಿಳಿದ ಅವಳನ್ನು ಕರೆತರಲು ಹೋದ ನಮ್ಮ ಯಜಮಾನರಿಗೆ ರುದ್ರಪ್ಪ ಎದುರಾದನಂತೆ. "ಏನ್ ಸಾಬ್ರೇ, ರಾಣಿ ಆಟ ಬಿಟ್ಟು ಬಂದೈತಲ್ಲ?" ಎಂದನಂತೆ. ಇವರು ತಲೆಯ ಮೇಲಿನ ಫ್ಲೆಕ್ಸ್ ನೋಡಿದರು, ರುದ್ರಪ್ಪನ ಮುಖ ನೋಡಿದರು, ಬಾಯಿಗೆ ಬಂದಿದ್ದನ್ನು ಹೇಳಿಬಿಟ್ಟರು. "ಮೊಣಕಾಲು ನೋವಪ್ಪ. ಡಾಕ್ಟ್ರು ರೆಸ್ಟ್ ಮಾಡು ಅಂದಾರೆ."

ಮನೆಗೆ ಬಂದು ಇದನ್ನು ಹೇಳಿದಾಗ ನಾನು ಕೈಯಲ್ಲಿದ್ದ ಗಾದಿ ಸೂಜಿಯನ್ನು ನೆಲಕ್ಕೆ ಎಸೆದೆ.

"ಸುಳ್ಳು ಯಾಕ್ರೀ ಹೇಳಿದ್ರಿ?"

"ಶಾಲು ಹೊದಿಸಿದ ಊರಿಗೆ ಗೋಲು ಹೊಡೀಲಿಲ್ಲ ಅಂತ ಹೆಂಗೆ ಹೇಳಾದೇ? ಆ ಮಗುಗೂ ಮರ್ಯಾದೆ ಬ್ಯಾಡ್ವಾ?"

ಮರ್ಯಾದೆ! ಆ ಮರ್ಯಾದೆಗೆ ನನ್ನ ಮೊಮ್ಮಗಳು ಮಾರನೆಯ ದಿನದಿಂದ ಕುಂಟಬೇಕಾಯಿತು. ಮೈಯಲ್ಲಿ ಒಂದು ಗೀರೂ ಇಲ್ಲದ ಹುಡುಗಿ, ಮನೆಯ ಹೊಸಿಲು ದಾಟಿದರೆ ಸಾಕು, ಕುಂಟುವುದು. ಜನ ಬಂದರು, ಎಣ್ಣೆ ಬಂತು. ಸಾಸ್ವೆಹಳ್ಳಿ ಕಡೆಯಿಂದ ಎಲುಬು ಕಟ್ಟುವವರು ಬಂದು ಮೊಣಕಾಲು ಒತ್ತಿ ನೋಡಿ, "ಏನೂ ಕಾಣ್ತಿಲ್ವಲ್ಲ" ಎಂದರು. ನಮ್ಮವರ ಮುಖ ಬಿಳಿಚಿಕೊಂಡಿದ್ದು ಕಂಡು ಅವರೇ ಕರುಣೆಯಿಂದ, "ಒಳಗೆ ನರ ಸರಿದೈತೆ" ಎಂದು ಮೊಟ್ಟೆಯ ಲೋಳೆ ಬಳಿದು ಬಿದಿರು ಸೀಳಿಟ್ಟು ಕಟ್ಟು ಕಟ್ಟಿದರು. ಅವತ್ತಿನವರೆಗೂ ಯಾವ ಕಾಲು ಕುಂಟಬೇಕು ಎನ್ನುವುದೂ ಅವಳಿಗೆ ನೆನಪಿರುತ್ತಿರಲಿಲ್ಲ. ಪಕ್ಕದ ಮನೆ ಗಿರಿಜಮ್ಮ, "ಅಲ್ಲವ್ವ, ನಿನ್ನೆ ಎಡಗಾಲು ಕುಂಟ್ತಿದ್ಯಲ್ಲ?" ಎಂದಾಗ, "ನೋವು ಓಡಾಡ್ತೈತೆ ಅತ್ತೆ" ಎಂದಿದ್ದಳು. ಗಿರಿಜಮ್ಮ ಹೋದ ಮೇಲೆ ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಗುವಿನ ಕೊನೆಗೆ ಅವಳು ಅತ್ತಳು.

"ನಾನು ವಾಪಸ್ ಹೋಗಲ್ಲ ಅಜ್ಜಿ. ಗಾದಿ ಹೊಲ್ಕೊಂಡು ಇರ್ತೀನಿ."

ಬೂಟುಗಳನ್ನು ಅಂಗಡಿಯ ಹತ್ತಿ ಮೂಟೆಯೊಳಗೆ ತುರುಕಿಟ್ಟಿದ್ದಳು. ಆ ವಾರದ ಸಂತೆಯಲ್ಲಿ ಯಾರದೋ ಬುಟ್ಟಿಯಿಂದ ನಿಂಬೆಹಣ್ಣೊಂದು ಉರುಳಿ ಸರಿಯಾಗಿ ಅವಳ ಕಾಲ ಮುಂದೆ ಬಂದು ನಿಂತಿತು. ಅವಳು ಅದನ್ನು ಬಳಸಿಕೊಂಡು ನಡೆದಳು. ಹುಟ್ಟಿದಾಗಿನಿಂದ ನಿಂಬೆಹಣ್ಣು ಒದ್ದು ನನ್ನ ಕೈಲಿ ಏಟು ತಿಂದವಳು! ಕುಂಟು ಮೊಣಕಾಲಿಗೆ ಬರದಿದ್ದರೂ ಇನ್ನೆಲ್ಲೋ ಬಂದುಬಿಟ್ಟಿದೆ ಎನಿಸಿತು.

ಅದಾದ ಮೇಲೆ ಒಂದು ದಿನ ಮಧ್ಯಾಹ್ನ ರುದ್ರಪ್ಪನ ಮನೆಯವರು ಹೇಳಿದ್ದ ಗಾದಿ ಕೊಡಲು ನಾನು, ಅವಳು ಅವನ ಕಣಕ್ಕೆ ಹೋದೆವು. ಆ ಹೊತ್ತಿಗೆ ಮೋಡ ಕಟ್ಟಿತ್ತು. ತೆನೆ ಬಿಡಿಸುವ ಯಂತ್ರ ಕಿವಿ ಕಿತ್ತುಹೋಗುವಂತೆ ಓಡುತ್ತಿತ್ತು, ಆಳುಗಳು ಕಾಳನ್ನು ಗುಡ್ಡೆಗೆ ಎಳೆಯುತ್ತಿದ್ದರು. ಗುಡ್ಡೆಯ ಅಂಚಿನಲ್ಲಿ, ಕಾಳಿನ ಕೆಳಗಿಂದ, ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ನನಗೆ ಗೊತ್ತಿರುವ ಕಣ್ಣು.

ಬಸ್ ಸ್ಟ್ಯಾಂಡಿನ ಫ್ಲೆಕ್ಸು. ಯಾವಾಗ ಇಳಿಸಿದ್ದರೋ. ಹುಡುಗಿಯ ಕೆನ್ನೆಯ ಮೇಲೆ ಒಬ್ಬ ಆಳು ಚಪ್ಪಲಿಗಾಲಲ್ಲಿ ನಿಂತಿದ್ದ.

ಗಾದಿಯನ್ನು ಅಲ್ಲೇ ಬಿಸಾಡಿ ಫ್ಲೆಕ್ಸಿನ ಅಂಚು ಹಿಡಿದು ಜಗ್ಗಿದೆ. ಕಾಳು ಜರಜರ ಜಾರಿತು.

"ಏ ಹುಸೇನಕ್ಕ! ರಾಶಿ ಚೆಲ್ತೈತೆ! ಏನ್ ಮಾಡ್ತಿದೀಯಾ?" ರುದ್ರಪ್ಪ ಓಡಿ ಬಂದ.

"ನಿನ್ನ ರಾಶಿ ಹಾಳಾಗ್ಲಿ! ನನ್ನ ಮೊಮ್ಮಗಳ ಮುಖದ ಮೇಲೆ ಜೋಳ ಸುರ್ಕೊಂಡಿದೀಯಲ್ಲೋ!"

"ಹಳೇ ಫ್ಲೆಕ್ಸು ಅಕ್ಕ. ಎಲ್ರದೂ ಹಿಂಗೇ ಆಗಾದು. ಅಲ್ನೋಡು, ಆ ಕಡೆ ರಾಶಿ ಕೆಳಗೆ ಎಮ್ಮೆಲ್ಲೆನೇ ಅದಾರೆ."

"ಎಮ್ಮೆಲ್ಲೆಗೆ ಮುಖ ಬ್ಯಾಡಾಗಿರಬೌದು, ನಮ್ಮ ಹುಡುಗಿಗೆ ಬೇಕು!"

"ಸಿಟ್ಟಾಗಬ್ಯಾಡ. ಅವಳ ಮೊಣಕಾಲು ವಾಸಿ ಆಗ್ಲಿ, ಗೋಲು ಹೊಡೀಲಿ, ಇದಕ್ಕಿಂತ ದೊಡ್ಡದು ಹಾಕಿಸ್ತೀನಿ."

ಗೋಲು ಹೊಡೀಲಿ ಅಂದನಲ್ಲ, ಅಲ್ಲಿಗೆ ನನ್ನ ಹಾಲು ಉಕ್ಕಿತು. ಯಂತ್ರದ ಸದ್ದಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದೆ. ಜಗಳ ನೋಡಲು ಯಂತ್ರದವನು ಅದೇ ಗಳಿಗೆಗೆ ಯಂತ್ರ ನಿಲ್ಲಿಸಿಬಿಟ್ಟ. ನನ್ನ ಕೂಗು ನಿಶ್ಶಬ್ದದಲ್ಲಿ ಇಡೀ ಕೇರಿಗೆ ಬಿತ್ತು.

"ಅವಳ ಮೊಣಕಾಲಿಗೆ ಏನೂ ಆಗಿಲ್ಲ! ಕಲ್ಲಿನಂಗೈತೆ! ಗೋಲು ತಪ್ಪಿಸಿದ್ಲು, ಅದಕ್ಕೆ ಆಚೆ ಹಾಕಿದ್ರು! ಒಂದಲ್ಲ, ಬೇಕಾದಷ್ಟು ತಪ್ಪಿಸಿದ್ಲು! ನೀವು ಮೊದ್ಲೇ ರಾಣಿ ಅಂತ ಬರ್ದು ನೇತಾಕಿದ್ರಿ. ಅಲ್ಲಿ ಆ ಕೋಚು ತಪ್ಪಿಸಿದ ಕೂಡ್ಲೇ ಎಬ್ಬಿಸಿ ಕಳಿಸಿದ. ಇಲ್ಲಿ ಇವಳಜ್ಜ ಮರ್ಯಾದೆ ಅಂತ ಕುಂಟಾಕೆ ಹಚ್ಚಿದ್ರು. ತಪ್ಪಿಸಾಕೆ ಒಂದು ಗೇಣು ಜಾಗ ಯಾರು ಕೊಟ್ರಿ ಅವಳಿಗೆ? ಹೇಳ್ರಿ!"

ನಾನು ಅಂಜುತ್ತಲೇ ತಿರುಗಿ ನೋಡಿದೆ. ಮುಬೀನಾ ಒಂದು ಚೀಲದ ಮೇಲೆ ಕೂತು, ತಲೆ ಬಗ್ಗಿಸಿಕೊಂಡು, ಮೊಣಕಾಲಿನ ಕಟ್ಟು ಬಿಚ್ಚುತ್ತಿದ್ದಳು. ಬಿದಿರು ಸೀಳುಗಳನ್ನು ಪಕ್ಕಕ್ಕಿಟ್ಟಳು. ಎದ್ದು ನಿಂತಳು. ಕಾಲ ಬಳಿ ಕಾಳು ಬಿಡಿಸಿದ ಒಂದು ದಿಂಡು ಬಿದ್ದಿತ್ತು. ಒದ್ದಳು ನೋಡಿ! ಅದು ರುದ್ರಪ್ಪನ ಕಿವಿ ಸವರಿಕೊಂಡು ಹೋಗಿ ರಾಶಿಯ ತುದಿಗೆ ನಾಟಿತು. ಆಳುಗಳೆಲ್ಲ ಹೋ ಎಂದರು.

ರುದ್ರಪ್ಪ ಕಿವಿ ಮುಟ್ಟಿ ನೋಡಿಕೊಂಡ. "ಕಾಲು ಚೆನ್ನಾಗೇ ಐತೆ ಬಿಡು ಹಂಗಾರೆ" ಎಂದ.

ಫ್ಲೆಕ್ಸು ಮಡಚಿ ತಲೆಯ ಮೇಲೆ ಹೊತ್ತು ಬಂದೆ. ನಮ್ಮ ಯಜಮಾನರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. "ಊರ ಮುಂದೆ ಮಾನ ತೆಗದ್ಯಲ್ಲೇ" ಎಂದು ಹತ್ತಿಯ ಮೇಲೆ ಕುಸಿದು ಕೂತರು. "ಮಾನ ತೆಗೀಲಿಲ್ರೀ, ಕಟ್ಟು ತೆಗದೆ" ಎಂದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಮೂಟೆಯೊಳಗೆ ಕೈ ಹಾಕಿ ಆ ಬೂಟುಗಳನ್ನು ತೆಗೆದು, ಯಾರಿಗೂ ಹೇಳದೆ ಒರೆಸಿಟ್ಟಿದ್ದನ್ನು ನಾನು ನೋಡಿದೆ. ನೋಡದವಳಂತೆ ಹೋದೆ.

ಅಷ್ಟಾದರೂ ಹುಡುಗಿ ವಾಪಸ್ ಹೋಗುವ ಮಾತೆತ್ತಲಿಲ್ಲ. ಕುಂಟದೆ ಓಡಾಡಿದಳು, ಅಷ್ಟೇ. ಅಷ್ಟರಲ್ಲಿ ಕ್ಲಬ್ಬಿನವರು ಆ ಕೋಚನ್ನೇ ತೆಗೆದರು. ತಂಡ ಸೋಲುತ್ತಲೇ ಇತ್ತಂತೆ. ಮುಖ ನೋಡಿಕೊಂಡು ಆಡಿದರೆ ಇನ್ನೇನಾಗುತ್ತದೆ? ಹೊಸದಾಗಿ ಬಂದ ಕೋಚು ಒಬ್ಬ ಹೆಣ್ಣುಮಗಳು, ಮಣಿಪುರದ ಕಡೆಯವಳು. ಒಂದು ಸಂಜೆ ಅವಳ ಫೋನು ಬಂತು. ಮುಬೀನಾ ಬರೀ "ಹಾಂ ಮೇಡಂ, ನಹೀ ಮೇಡಂ" ಎನ್ನುತ್ತಿದ್ದಳು. "ನಂಗೆ ಆಗಲ್ಲ ಮೇಡಂ" ಎಂದು ಅವಳು ಹಿಂದಿಯಲ್ಲಿ ಹೇಳುವುದು ಕೇಳಿದ್ದೇ ಫೋನು ಕಿತ್ತುಕೊಂಡೆ. ಆ ಮೇಡಮ್ಮಿನ ಹಿಂದಿ, ನನ್ನ ಸಂತೆ ಉರ್ದು. ಹೇಗೋ ಜಗಳಕ್ಕೆ ಸಾಲುವಷ್ಟು ಆಯಿತು.

"ಇವಳನ್ನ ಅರ್ಧಕ್ಕೆ ಎಬ್ಬಿಸ್ತೀಯೇನು?" ಎಂದು ಕೇಳಿದೆ.

"ಇಲ್ಲ ಅಮ್ಮಾ."

"ಗೋಲು ತಪ್ಪಿಸಿದ್ರೂ?"

"ತಪ್ಪಿಸಿದರೂ."

"ಆಟ ಸೋತ್ರೂ?"

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸೋಲುತ್ತಾ ಹೋದರೆ ನನ್ನ ಕೆಲಸ ಹೋಗುತ್ತದೆ ಅಮ್ಮಾ. ಆದರೂ ಎಬ್ಬಿಸುವುದಿಲ್ಲ. ಅವಳ ಹಳೆಯ ಆಟ ನಾನು ನೋಡಿದ್ದೇನೆ."

ಖಂಡಿತ, ಖಂಡಿತ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಆ ಸ್ವಲ್ಪ ಹೊತ್ತಿನ ಸುಮ್ಮನಿರುವಿಕೆಯನ್ನು ನಂಬಿದೆ. ಫೋನು ಮುಬೀನಾಳ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಬೂಟಿನೊಳಗೆ ಸಿಕ್ಕಿಕೊಂಡಿದ್ದ ಹತ್ತಿಯನ್ನು ಬೆರಳಲ್ಲಿ ಕೀಳುತ್ತಾ ಕೂತಳು.

ಅವಳು ಮತ್ತೆ ಆಡಿದ ದಿನ ಮನೆಯಲ್ಲಿ ಜಾಗವಿಲ್ಲದಷ್ಟು ಜನ. ನಿಜ ಗೊತ್ತಾದ ಮೇಲೆ ಊರಿಗೆ ಅವಳ ಮೇಲೆ ಪ್ರೀತಿ ಹೆಚ್ಚಾಗಿತ್ತು, ಇದೂ ಒಂದು ವಿಚಿತ್ರ. ಗಿರಿಜಮ್ಮ, ರುದ್ರಪ್ಪ, ಎಲ್ಲರೂ ಕೊಡಕ್ಕೆ ಒರಗಿದ ಮೊಬೈಲಿನ ಮುಂದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಅವಳ ಮುಂದೆ ಗೋಲು ಬಾಗಿಲಿನಂತೆ ತೆರೆದಿತ್ತು. ಹೊರಗೆ ಹೊಡೆದಳು. "ಅಯ್ಯೋ" ಎಂದರು ಎಲ್ಲರೂ. ನನ್ನ ಕಣ್ಣು ಅವಳ ಕತ್ತಿನ ಮೇಲೆಯೇ ಇತ್ತು. ಹಳೇ ಅಭ್ಯಾಸ, ಗೆರೆಯಾಚೆ ತಿರುಗಿತು. ಕ್ಯಾಮೆರಾ ಕೂಡ ಆ ಕಡೆ ತಿರುಗಿತು. ಹೊಸ ಕೋಚು ಬೆಂಚಿನ ಮೇಲೆ ಕೂತು ಕಿತ್ತಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ತಲೆಯೇ ಎತ್ತಲಿಲ್ಲ.

ಎರಡನೆಯ ಸಲ ಬಾಲು ಗೋಲು ಕಾಯುವವಳ ಕೈಗೆ ಹೋಯಿತು. ಮತ್ತೆ ಇವಳು ತಿರುಗಿದಳು. ಆಕೆ ತೊಳೆ ಬಿಡಿಸಿ ಪಕ್ಕದವರಿಗೆ ಕೊಡುತ್ತಿದ್ದಳು. ಯಾರೂ ಬೋರ್ಡು ಎತ್ತಲಿಲ್ಲ.

ಮೂರನೆಯ ಸಲ ಮುಬೀನಾ ದೂರದಿಂದಲೇ ಹೊಡೆದಳು. ಕಂಬಕ್ಕೆ ಬಡಿದು ಆಚೆ ಹೋಯಿತು. ಆದರೆ ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಲಂಗ ಒದ್ದುಕೊಂಡು ಸಂತೆಗೆ ಓಡುತ್ತಿದ್ದಳಲ್ಲ ಚಿಕ್ಕವಳಿದ್ದಾಗ, ಹಾಗೆ ಬಾಲಿನ ಹಿಂದೆಯೇ ಓಡಿದಳು.

"ನೋಡ್ಲಿಲ್ಲ! ನೋಡ್ಲಿಲ್ಲ!" ಎಂದು ನಾನು ಎದ್ದು ಕುಣಿದೆ.

"ಯಾರೇ ನೋಡ್ಲಿಲ್ಲ? ಗೋಲು ಎಲ್ಲಾತು?" ಎಂದರು ನಮ್ಮವರು.

ಹೇಳಿದರೆ ತಿಳಿಯುವ ವಿಷಯವೇ ಅದು? ಅವತ್ತು ಗೋಲು ಆಗಲಿಲ್ಲ. ಮುಂದಿನ ಆಟದಲ್ಲಿ ಆಯಿತು. ಅದರ ಮುಂದಿನದರಲ್ಲೂ ಆಯಿತು. ಆಮೇಲೆ ಊರು ಎಣಿಸಿತು, ನ್ಯಾಮತಿಯ ನನ್ನ ತವರಿನವರು ಫೋನು ಮಾಡಿ ಎಣಿಸಿದರು. ನಾನು ಎಣಿಸಲಿಲ್ಲ.

ಮೊದಲ ಗೋಲಿನ ಮಾರನೆಯ ದಿನವೇ ರುದ್ರಪ್ಪ ನಮ್ಮ ಅಂಗಡಿಗೆ ಬಂದ. "ಹುಸೇನಕ್ಕ, ಒಂದು ಒಳ್ಳೆ ಫೋಟೋ ಕೊಡು. ಈ ಸಲ ಹಾಕಿಸಾ ಫ್ಲೆಕ್ಸ್ ಚನ್ನಗಿರಿಗೆ ಕಾಣಬೇಕು."

"ಈಗ ಬ್ಯಾಡ."

"ಇನ್ಯಾವಾಗ?"

"ಮುಂದೆ ಅವಳು ತಪ್ಪಿಸ್ತಾಳಲ್ಲ, ದೊಡ್ಡದೊಂದು ಗೋಲು, ಎಲ್ರೂ ಬೈಯಂಥದ್ದು, ಅವತ್ತು ಹಾಕ್ಸು. ಬೇಕಾಗಾದು ಅವತ್ತು."

"ತಪ್ಪಿಸಿದ್ದಕ್ಕೆ ಯಾರಾದ್ರೂ ಫ್ಲೆಕ್ಸ್ ಹಾಕಿಸ್ತಾರಾ? ಊರು ನಗ್ತೈತೆ."

"ನಗ್ಲಿ. ನಿನಗೆ ಅಷ್ಟು ಧೈರ್ಯ ಇಲ್ಲ ಅಂದ್ರೆ ಹೋಗು, ಜೋಳ ಕಾಯ್ಕೊಂಡಿರು."

ಅವನು ಗೊಣಗುತ್ತಾ ಹೋದ. ಮರೆತಿದ್ದಾನೆ ಎಂದೇ ನಾನು ತಿಳಿದಿದ್ದೆ. ವರ್ಷ ತಿರುಗಿತು, ಈ ಸಲದ ಮೆಕ್ಕೆಜೋಳವೂ ರಸ್ತೆಗೆ ಬಂತು. ನಿನ್ನೆ ಮಧ್ಯಾಹ್ನ ಆಟದ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ. ಇವಳೇ ಹೊಡೆದಳು. ಆಕಾಶಕ್ಕೆ ಹೋಯಿತು. ತಂಡ ಸೋತಿತು. ಮೊಬೈಲಿನಲ್ಲಿ ಯಾರು ಯಾರೋ ಏನೇನೋ ಬರೆದಿದ್ದನ್ನು ಶಾಹೀನಾ ನನಗೆ ಓದಿ ಹೇಳಲಿಲ್ಲ. ಸಂಜೆ ಹುಡುಗಿಯೇ ಫೋನು ಮಾಡಿದಳು. ದನಿ ಒದ್ದೆಯಾಗಿತ್ತು, ಮುರಿದಿರಲಿಲ್ಲ. "ಅಜ್ಜೀ, ಮುಂದಿನ ಪೆನಾಲ್ಟಿನೂ ನಾನೇ ಹೊಡೀಬೇಕಂತೆ. ಮೇಡಂ ಆಗ್ಲೇ ಹೇಳಿಬಿಟ್ರು" ಎಂದಳು.

ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಆ ವಾಸನೆ.

ತಲೆ ಎತ್ತಿ ನೋಡಿದರೆ ಮುಬೀನಾ. ರಾಣಿ ಗೀಣಿ ಏನಿಲ್ಲ. 'ಮುಬೀನಾ, ಮುಂದಿನದು ಹೊಡಿ. ನಾವು ಇಲ್ಲೇ ಇರ್ತೀವಿ. ಸಂತೇಬೆನ್ನೂರು' ಅಷ್ಟೇ. ಸುತ್ತ ಗಂಡಸರ ಮುಖಗಳಿಲ್ಲ. ಕೆಳಗೆ ಮೂಲೆಯಲ್ಲಿ ಬಟನ್ನಿನಷ್ಟು ರುದ್ರಪ್ಪ, ಬಿಡಲಾರದೆ.

ಸಕ್ಕರೆ ಹಂಚುತ್ತಾ ಬಂದಾಗ ಫ್ಲೆಕ್ಸಿನ ಕಂಬ ಹಿಡಿದುಕೊಂಡು ಅವನೂ ನಿಂತಿದ್ದ. ಜನ ಓದಿ ನಗುತ್ತಿದ್ದರು, ಅವನ ಮುಖ ಕೆಂಪಾಗಿತ್ತು, ಆದರೂ ನಿಂತಿದ್ದ.

"ಏನಕ್ಕ, ಈಗಾದ್ರೂ ಸಿಟ್ಟು ಇಳೀತಾ?"

"ಇಳಿದಿಲ್ಲ. ನಾಳೆ ಮೋಡ ಆದ್ರೆ ಇದೂ ರಾಶಿ ಕೆಳಗೆ ಹೋಗ್ತೈತೆ, ನಂಗೊತ್ತಿಲ್ವಾ ನಿನ್ನ ಬುದ್ಧಿ?"

"ಇಲ್ಲ ಬಿಡಕ್ಕ" ಎಂದು ಅವನು ಕೈ ಚಾಚಿದ. "ಈ ವರ್ಷ ರಾಶಿಗೆ ಹಾಸಾಕೆ ತಾಡಪಾಲು ತಂದಿದೀನಿ."

ಪೊಟ್ಟಣದಲ್ಲಿ ಉಳಿದಿದ್ದ ಸಕ್ಕರೆಯನ್ನೆಲ್ಲ ಅವನ ಕೈಗೇ ಸುರಿದೆ.